ಮಗಳ ಕೈಗೆ ಬಂದ ಬಂದೂಕು

ಬಂದೂಕು ಎಂಬ ಮಾತು ನಮ್ಮಂತಹ ಮನೆಗಳಲ್ಲಿ ಕೇಳಿಬರುವುದೇ ಅಪರೂಪ. ತಿಪಟೂರಿನ ಕಡೆಯ ತೆಂಗಿನ ತೋಟದ ಬದುಕಿನಿಂದ ಬಂದು ಕೃಷ್ಣರಾಜಪುರದಲ್ಲಿ ನೆಲೆನಿಂತ ಕುಟುಂಬ ನಮ್ಮದು. ಮೂರು ತಲೆಮಾರುಗಳಲ್ಲಿ ಸೈನ್ಯ ಸೇರಿದವರು ಒಬ್ಬರೂ ಇಲ್ಲ. ನಿತ್ಯಪೂಜೆ, ಸಸ್ಯಾಹಾರ, ಯಾವ ಜೀವಿಗೂ ನೋವಾಗದಂತೆ ಬಾಳಬೇಕೆಂಬ ಹಂಬಲ, ಇವೇ ಹಿರಿಯರು ನಮಗೆ ಬಿಟ್ಟುಹೋದ ಆಸ್ತಿ. ಇಂತಹ ಮನೆಯಲ್ಲಿ ಹದಿಮೂರು ವರ್ಷದ ಹೆಣ್ಣುಮಗಳು “ನಾನು ಎನ್.ಸಿ.ಸಿ. ಸೇರುತ್ತೇನೆ, ಅಲ್ಲಿ ರೈಫಲ್ ಹೊಡೆಯಲು ಕಲಿಸುತ್ತಾರಂತೆ” ಎಂದು ಹೇಳಿದಾಗ ಮನೆಯವರ ಮನಸ್ಸಿನಲ್ಲಿ ಎಂತಹ ತಳಮಳ ಉಂಟಾಗಿರಬಹುದು ಎಂಬುದನ್ನು ಓದುಗರು ಊಹಿಸಬಲ್ಲರು. ಅದು 2022ರ ಮಾತು. ಆಗ ಅವಳು ಹಲಸೂರಿನ ಶಾಲೆಯೊಂದರಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿನಿ. ಅಂದಿನಿಂದ ಇಂದಿನವರೆಗೆ ತಾಯಿಯಾಗಿ ನಾನು ಕಂಡದ್ದನ್ನೂ ಕೇಳಿ ತಿಳಿದದ್ದನ್ನೂ ಹೈಸ್ಕೂಲಿಗೆ ಹೋಗುವ ಮಕ್ಕಳಿರುವ ಮನೆಗಳವರ ಮುಂದಿಡುವುದು ಈ ಬರಹದ ಉದ್ದೇಶ.

ಹಲಸೂರಿನ ಕಡೆ ಓಡಾಡುವವರಿಗೆ ಸೈನ್ಯದ ನೆರಳು ಹೊಸದಲ್ಲ. 1809ರಲ್ಲಿ ಬ್ರಿಟಿಷರು ದಂಡುಪ್ರದೇಶವನ್ನು ಕಟ್ಟಲಾರಂಭಿಸಿದ ಕಾಲದಿಂದಲೂ ಬೆಂಗಳೂರಿನ ಈ ಪೂರ್ವಭಾಗ ಕವಾಯತಿನ ಸದ್ದಿಗೆ ಒಗ್ಗಿಕೊಂಡಿದೆ. ಮದ್ರಾಸ್ ಇಂಜಿನಿಯರ್ ಗ್ರೂಪಿನ ಕೇಂದ್ರ ಇಂದಿಗೂ ಹಲಸೂರು ಕೆರೆಯ ಬಳಿಯೇ ಇದೆ. ಕಬ್ಬನ್ ರಸ್ತೆಯಲ್ಲಿ ಬಿ.ಆರ್.ವಿ. ಎಂಬ ಚಿತ್ರಮಂದಿರವಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ಆ ಮೂರು ಅಕ್ಷರಗಳು ‘ಬೆಂಗಳೂರು ರೈಫಲ್ ವಾಲಂಟಿಯರ್ಸ್’ ಎಂಬುದರ ಸಂಕ್ಷೇಪವೆಂದು ಸಿನಿಮಾ ನೋಡಲು ಹೋದ ಎಷ್ಟು ಮಂದಿಗೆ ತಿಳಿದಿತ್ತೋ ಕಾಣೆ. 1868ರಲ್ಲಿ ಹುಟ್ಟಿದ ಆ ಸ್ವಯಂಸೇವಕ ಪಡೆ ದಂಡಿನ ಯುರೋಪಿಯನ್ನರ ಹಾಗೂ ಆಂಗ್ಲೋ ಇಂಡಿಯನ್ನರ ಕೂಟ. ಅದರಲ್ಲಿ ನಮ್ಮವರಿಗೆ ಎಡೆಯಿರಲಿಲ್ಲ. ಅದೇ ದಂಡಿನ ನೆಲದಲ್ಲಿ ಇಂದು ಕಾರ್ಖಾನೆಯ ನೌಕರರ, ತರಕಾರಿ ಮಾರುವವರ, ಗುಮಾಸ್ತರ ಮಕ್ಕಳು ಖಾಕಿ ತೊಟ್ಟು ಸಾಲಾಗಿ ನಿಲ್ಲುತ್ತಾರೆ. ಗಣರಾಜ್ಯೋತ್ಸವದಂದು ಮಾಣಿಕ್ ಷಾ ಕವಾಯತು ಮೈದಾನದಲ್ಲಿ ಹೆಜ್ಜೆಹಾಕುವ ಈ ಮಕ್ಕಳನ್ನು ಕಂಡಾಗ ಕಾಲ ಎಷ್ಟು ಬದಲಾಗಿದೆ ಎಂದು ಅನ್ನಿಸದಿರದು.

ರಾಷ್ಟ್ರೀಯ ಕೆಡೆಟ್ ದಳವು 1948ರ ಶಾಸನದ ಮೂಲಕ ಸ್ಥಾಪಿತವಾಯಿತು. ಮರುವರ್ಷವೇ ಹೆಣ್ಣುಮಕ್ಕಳ ವಿಭಾಗವೂ ಆರಂಭವಾಯಿತು. ಹೈಸ್ಕೂಲಿನ ಗಂಡುಮಕ್ಕಳಿಗೆ ಜೂನಿಯರ್ ಡಿವಿಜನ್, ಹೆಣ್ಣುಮಕ್ಕಳಿಗೆ ಜೂನಿಯರ್ ವಿಂಗ್ ಎಂದು ಎರಡು ವರ್ಷಗಳ ಶಿಕ್ಷಣ. ಅದರ ಕೊನೆಯಲ್ಲಿ ‘ಎ’ ಪ್ರಮಾಣಪತ್ರದ ಪರೀಕ್ಷೆ. ಸಮವಸ್ತ್ರದ ವೆಚ್ಚ, ಶಿಬಿರದ ಊಟ, ಹಾರಿಸುವ ಗುಂಡು ಇವೆಲ್ಲವನ್ನೂ ಸರಕಾರವೇ ಭರಿಸುತ್ತದೆ. ಎಲ್ಲ ಶಾಲೆಗಳಲ್ಲಿ ಈ ದಳವಿಲ್ಲ. ಇರುವಲ್ಲಿಯೂ ಸ್ಥಾನಗಳು ಮಿತವಾಗಿರುತ್ತವೆ. ನಮ್ಮ ಕೈಗೆಟುಕುವ ವೆಚ್ಚದಲ್ಲಿ ಒಂದು ಮಗು ನಿಜವಾದ ರೈಫಲನ್ನು, ಬಲ್ಲವರ ಕಣ್ಗಾವಲಿನಲ್ಲಿ, ಕಾನೂನಿನ ಒಳಗೇ ಮುಟ್ಟಿ ಕಲಿಯಲು ಇರುವ ಬಾಗಿಲು ಬಹುಮಟ್ಟಿಗೆ ಇದೊಂದೇ. ಇದು ಮೊದಲ ಬಾಗಿಲು ಮಾತ್ರ ಎಂಬುದನ್ನು ಮುಂದೆ ಹೇಳುತ್ತೇನೆ.

ಮಕ್ಕಳಿಗೆ ಕೊಡುವುದು .22 ಅಳತೆಯ ಸಣ್ಣ ರೈಫಲು. ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದಲೇ ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕು. ಗುರಿಹಲಗೆ 25 ಮೀಟರಿನಷ್ಟು ದೂರದಲ್ಲಿರುತ್ತದೆ. ಆದರೆ ರೈಫಲು ಕೈಗೆ ಬಂದ ದಿನವೇ ಗುಂಡು ಹಾರಿಸುವಂತಿಲ್ಲ. ಅದರ ಭಾಗಗಳ ಹೆಸರು, ಬಿಚ್ಚಿ ಜೋಡಿಸುವ ಕ್ರಮ, ನಳಿಗೆಯನ್ನು ಒರೆಸಿ ಎಣ್ಣೆ ಹಚ್ಚುವ ಬಗೆ, ನೆಲದ ಮೇಲೆ ಮಲಗಿ ಹಿಡಿಯನ್ನು ಹೆಗಲಿಗೆ ಕೊಡುವ ರೀತಿ, ಗುರಿ ಹಿಡಿಯುವುದು, ಉಸಿರು ನಿಲ್ಲಿಸುವುದು, ಕುದುರೆಯನ್ನು ಎಳೆಯುವುದು ಇವನ್ನೆಲ್ಲ ವಾರಗಟ್ಟಲೆ ಅಭ್ಯಾಸ ಮಾಡಿಸುತ್ತಾರೆ. ಆಜ್ಞೆಗಳೆಲ್ಲ ಹಿಂದಿಯಲ್ಲಿ. ‘ಭರ್’ ಎಂದಾಗಲೇ ತುಂಬಬೇಕು, ‘ಖಾಲಿ ಕರ್’ ಎಂದೊಡನೆ ಖಾಲಿ ಮಾಡಬೇಕು. ಕೆಂಪು ಬಾವುಟ ಹಾರುತ್ತಿರುವಷ್ಟು ಹೊತ್ತು ಯಾರೊಬ್ಬರೂ ಗುರಿಹಲಗೆಯ ಕಡೆ ಕಾಲಿಡುವಂತಿಲ್ಲ.

ಮನೆಯಲ್ಲಿ ಅಭ್ಯಾಸಕ್ಕೆ ರೈಫಲೆಲ್ಲಿಂದ ಬರಬೇಕು? ಮಗಳು ನಡುಮನೆಯಲ್ಲಿ ಜಮಖಾನ ಹಾಸಿ, ಉದ್ದನೆಯ ಮರದ ಕೋಲೊಂದನ್ನು ಹೆಗಲಿಗೆ ಕೊಟ್ಟು ಮಲಗುತ್ತಿದ್ದಳು. ಕೋಲಿನ ತುದಿಯಲ್ಲಿ ಒಂದು ರೂಪಾಯಿಯ ನಾಣ್ಯ. ಬೆರಳನ್ನು ಮೆಲ್ಲನೆ ಹಿಂದಕ್ಕೆಳೆಯುವಾಗ ಆ ನಾಣ್ಯ ಬೀಳಕೂಡದು. ಉಸಿರನ್ನು ಅರ್ಧ ಬಿಟ್ಟು, ಹಿಡಿದು, ಎಳೆದು, ಮತ್ತೆ ಬಿಡುವುದು. ಹೀಗೆ ಅರ್ಧ ಗಂಟೆ. ಇದನ್ನು ಮೂಲೆಯ ಕುರ್ಚಿಯಿಂದ ನೋಡುತ್ತಿದ್ದವರು ನಮ್ಮ ಅತ್ತೆಯವರು. ಅವರು ಒಂದು ದಿನ “ಯಾರನ್ನು ಹೊಡೆಯುವುದಕ್ಕೆ ಕಲಿಯುತ್ತಿದ್ದೀಯೆ ಮಗು?” ಎಂದು ಕೇಳಿದರು. “ಕಾಗದವನ್ನು, ಅಜ್ಜಿ” ಎಂದಳು ಮಗಳು. ಈ ಉತ್ತರದಿಂದ ಅವರಿಗೆ ಸಮಾಧಾನವಾಗಲಿಲ್ಲ. ಕಾಗದದಿಂದ ಆರಂಭವಾದದ್ದು ಎಲ್ಲಿಗೆ ಮುಟ್ಟೀತು ಎಂಬ ಅಳುಕು ಅವರದು. ಅದು ತಳ್ಳಿಹಾಕುವಂತಹ ಅಳುಕೂ ಅಲ್ಲ.

ಅವರ ಮನಸ್ಸನ್ನು ತಿರುಗಿಸಿದ್ದು ಒಂದು ಸಣ್ಣ ಪ್ರಸಂಗ. ದಸರೆಯ ರಜೆಗೆ ಬಂದಿದ್ದ ನನ್ನ ಮೈದುನನ ಕಿರಿಯ ಮಗ ಅದೇ ಕೋಲನ್ನೆತ್ತಿಕೊಂಡು ಅಜ್ಜಿಯ ಕಡೆ ಹಿಡಿದು ಬಾಯಿಂದ ಗುಂಡಿನ ಸದ್ದು ಮಾಡಿದ. ಮಗಳು ಓಡಿಬಂದು ಕೋಲನ್ನು ನೆಲದ ಕಡೆ ಬಾಗಿಸಿ, “ಖಾಲಿಯಿದ್ದರೂ ಸರಿ, ಕೋಲಾದರೂ ಸರಿ, ಮನುಷ್ಯರ ಕಡೆ ತಿರುಗಿಸಬಾರದು. ಅದೇ ಮೊದಲನೆಯ ಪಾಠ” ಎಂದು ಗದರಿದಳು. ಹುಡುಗ ಬೆಪ್ಪಾದ. ಅತ್ತೆಯವರು ಏನೂ ಹೇಳಲಿಲ್ಲ. ಆದರೆ ಮರುದಿನದಿಂದ ಅಭ್ಯಾಸದ ಹೊತ್ತಿಗೆ ಜಮಖಾನ ಹಾಸಿರುತ್ತಿತ್ತು. ಆಯುಧದ ಬಗ್ಗೆ ಭಯವಿಲ್ಲದ ಮಕ್ಕಳನ್ನು ಸಿನಿಮಾಗಳೂ ಮೊಬೈಲಿನ ಆಟಗಳೂ ಮನೆಮನೆಯಲ್ಲಿ ತಯಾರಿಸುತ್ತಿವೆ. ಆಯುಧದ ಬಗ್ಗೆ ಎಚ್ಚರವಿರುವ ಮಕ್ಕಳು ಮಾತ್ರ ಇಂತಹ ಶಿಸ್ತಿನಿಂದಲೇ ತಯಾರಾಗಬೇಕು.

ಮೊದಲ ಸಲ ನಿಜವಾದ ಗುಂಡು ಹಾರಿಸಿದ ದಿನ ಅವಳಿಗೆ ಸಿಕ್ಕಿದ್ದು ಐದೇ ಐದು. ಮನೆಗೆ ಬಂದವಳು ಕಾಗದದ ಮೇಲೆ ಐದು ಚುಕ್ಕೆಯಿಟ್ಟು ತೋರಿಸಿದಳು. ಎಲ್ಲವೂ ನಡುವಿನ ಗುರುತಿನಿಂದ ದೂರ, ಎಡಭಾಗದ ಕೆಳಗೆ ಬಿದ್ದಿದ್ದವು. ನಾನು ಪೆಚ್ಚುಮೋರೆ ಹಾಕಿದೆ. ಅವಳ ಮುಖದಲ್ಲಿ ಮಾತ್ರ ಹಿಗ್ಗು. ಇದೇಕೆಂದು ಕೇಳಿದಾಗ ಅವಳು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿದೆ. ಎನ್.ಸಿ.ಸಿ.ಯಲ್ಲಿ ಹೊಸಬರ ಗುಂಡುಗಳನ್ನು ಅಳೆಯುವುದು ಅವು ನಡುವಿಗೆ ಎಷ್ಟು ಹತ್ತಿರ ಬಿದ್ದಿವೆ ಎಂಬುದರಿಂದಲ್ಲವಂತೆ. ಒಂದಕ್ಕೊಂದು ಎಷ್ಟು ಹತ್ತಿರ ಬಿದ್ದಿವೆ ಎಂಬುದರಿಂದ. ಇದಕ್ಕೆ ‘ಗ್ರೂಪಿಂಗ್’ ಎಂದು ಹೆಸರು. ಐದೂ ಗುಂಡುಗಳು ಒಂದೆಡೆ ಗುಂಪುಗೂಡಿದ್ದರೆ ಹಿಡಿದ ಬಗೆ, ಉಸಿರು, ಬೆರಳು ಐದು ಬಾರಿಯೂ ಒಂದೇ ರೀತಿ ನಡೆದುಕೊಂಡಿವೆ ಎಂದರ್ಥ. ಗುಂಪು ನಡುವಿನಿಂದ ಸರಿದಿದ್ದರೆ ರೈಫಲಿನ ಗುರಿಗಣ್ಣನ್ನು ತಿದ್ದಿ ಸರಿಪಡಿಸಬಹುದು. ಒಂದು ಗುಂಡು ನಡುವಿಗೇ ತಗುಲಿ ಉಳಿದ ನಾಲ್ಕು ನಾಲ್ಕು ದಿಕ್ಕಿಗೆ ಚೆದುರಿದ್ದರೆ ಆ ಒಂದು ಗುಂಡು ಅದೃಷ್ಟದ್ದು, ತಿದ್ದಬೇಕಾದದ್ದು ಮನುಷ್ಯನನ್ನೇ.

ಮಕ್ಕಳ ಓದನ್ನು ನಾವು ಅಳೆಯುವ ಪರಿ ನೆನಪಾಯಿತು. ಒಂದು ಕಿರುಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದರೆ ಬೀದಿಗೆಲ್ಲ ಸಿಹಿ ಹಂಚುತ್ತೇವೆ. ದಿನವೂ ಒಂದೇ ಹದದಲ್ಲಿ ಕುಳಿತು ಓದುವ ಮಗುವಿಗೆ ಎಪ್ಪತ್ತು ಬಂದರೆ ಮುಖ ಸಿಂಡರಿಸುತ್ತೇವೆ. ಹದ ಕೂಡಿಬಂದ ಮಗುವನ್ನು ನಡುವಿಗೆ ತರುವುದು ಸುಲಭ. ಗುರುಗಳು ಮಾಡಬೇಕಾದದ್ದು ಗುರಿಗಣ್ಣನ್ನು ಒಂದಿಷ್ಟು ತಿರುಗಿಸುವುದಷ್ಟೇ.

ಇನ್ನು ಸ್ಪರ್ಧೆಯ ಮಾತು. ಶಾಲೆಯ ಕೆಡೆಟ್ಟುಗಳಲ್ಲಿ ಗುರಿ ಚೆನ್ನಾಗಿರುವವರನ್ನು ಬೆಟಾಲಿಯನ್ ಮಟ್ಟದಲ್ಲಿ ಆರಿಸುತ್ತಾರೆ. ಅಲ್ಲಿಂದ ಗ್ರೂಪ್ ಮಟ್ಟ. ಅಲ್ಲಿ ಬೆಂಗಳೂರಿನವರು ಬೆಳಗಾವಿ, ಮೈಸೂರು, ಮಂಗಳೂರು ಮುಂತಾದ ಗ್ರೂಪುಗಳ ಮಕ್ಕಳೊಡನೆ ಸ್ಪರ್ಧಿಸಬೇಕು. ಅಲ್ಲಿ ಗೆದ್ದವರು ಕರ್ನಾಟಕ ಮತ್ತು ಗೋವಾ ನಿರ್ದೇಶನಾಲಯದ ತಂಡ ಸೇರಿ ದೆಹಲಿಯ ಥಲ್ ಸೈನಿಕ ಶಿಬಿರಕ್ಕೆ ಹೋಗುತ್ತಾರೆ. ದೇಶದ 17 ನಿರ್ದೇಶನಾಲಯಗಳ ಮಕ್ಕಳು ಅಲ್ಲಿ ಸೇರುತ್ತಾರೆ. ಗುರಿಕಾರಿಕೆಯ ಜತೆಗೆ ನಕ್ಷೆ ಓದುವುದು, ದೂರ ಅಂದಾಜು ಮಾಡುವುದು, ಅಡೆತಡೆಗಳನ್ನು ದಾಟುವುದು ಮೊದಲಾದವೂ ಇರುತ್ತವೆ. ಇದಲ್ಲದೆ ಲೋಕಸಭೆಯ ಮೊದಲ ಸಭಾಧ್ಯಕ್ಷರೂ, 1951ರಲ್ಲಿ ಆರಂಭವಾದ ರಾಷ್ಟ್ರೀಯ ರೈಫಲ್ ಸಂಘದ ಮೊದಲ ಅಧ್ಯಕ್ಷರೂ ಆಗಿದ್ದ ಗಣೇಶ ವಾಸುದೇವ ಮಾವಳಂಕರ್ ಅವರ ಹೆಸರಿನ ಅಖಿಲ ಭಾರತ ಸ್ಪರ್ಧೆಗೂ ಎನ್.ಸಿ.ಸಿ. ತನ್ನ ತಂಡವನ್ನು ಕಳುಹಿಸುವುದುಂಟು. ಸಾಮಾನ್ಯರ ಮಗುವೊಂದು ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಕಡೆ ಹೆಜ್ಜೆಯಿಡುವ ಹಾದಿ ಇದು.

2023ರ ಮಳೆಗಾಲದಲ್ಲಿ ನಮ್ಮ ಮಗಳು ಈ ಹಾದಿಯಲ್ಲಿ ಒಂದಿಷ್ಟು ದೂರ ನಡೆದಳು. ಒಂದರ ಹಿಂದೆ ಒಂದರಂತೆ ಹತ್ತು ಹತ್ತು ದಿನದ ಆಯ್ಕೆ ಶಿಬಿರಗಳು. ಆಗ ಅವಳು ಒಂಬತ್ತನೆಯ ತರಗತಿ. ಶಾಲೆಯ ಕಿರುಪರೀಕ್ಷೆಗಳೂ ಅದೇ ದಿನಗಳಲ್ಲಿ. ಕೆ.ಆರ್. ಪುರದಿಂದ ಬೈಯಪ್ಪನಹಳ್ಳಿಯವರೆಗಿನ ಮೆಟ್ರೋ ಮಾರ್ಗ ತೆರೆದದ್ದು ಆ ವರ್ಷದ ಅಕ್ಟೋಬರ್ 9ರಂದು. ಅದಕ್ಕೆ ಮುನ್ನ ಬೆಳಗಿನ ಕವಾಯತಿಗೆ ಹೋಗಬೇಕಾದರೆ ಟಿನ್ ಫ್ಯಾಕ್ಟರಿಯ ವಾಹನಗಳ ಜಂಗುಳಿಯನ್ನು ದಾಟಲು ಕತ್ತಲಿರುವಾಗಲೇ ಬಸ್ಸು ಹಿಡಿಯಬೇಕಾಗಿತ್ತು. ಬಂಧುಗಳ ಮಾತುಗಳೂ ಕಡಿಮೆಯಿರಲಿಲ್ಲ. “ಹೆಣ್ಣುಮಗಳು, ಬಿಸಿಲಲ್ಲಿ ಬಾಡುತ್ತಾಳೆ”, “ಇದರಿಂದ ನಾಳೆ ಏನು ಸಿಕ್ಕೀತು?”, “ಗಣಿತದ ಟ್ಯೂಷನ್ನು ತಪ್ಪಿತಲ್ಲ” ಎಂದು ಮೂರು ದಿಕ್ಕಿನಿಂದ ಮೂರು ಬಗೆ. ಆ ಎರಡು ತಿಂಗಳು ನಾನೂ ನನ್ನ ಯಜಮಾನರೂ ರಾತ್ರಿ ಊಟವಾದ ಮೇಲೆ ಈ ವಿಷಯ ಬಿಟ್ಟು ಬೇರೆ ಮಾತಾಡಿದ್ದು ಕಡಿಮೆ. ಕೊನೆಗೆ ಯಜಮಾನರು ಒಂದು ಕರಾರು ಹಾಕಿದರು. ತಪ್ಪಿದ ಪಾಠಗಳನ್ನು ಭಾನುವಾರಗಳಲ್ಲಿ ಅವಳೇ ಕುಳಿತು ತುಂಬಿಕೊಳ್ಳಬೇಕು. ಅಲ್ಲಿಯವರೆಗೆ ಯಾವ ಶಿಬಿರಕ್ಕೂ ತಡೆಯಿಲ್ಲ. ಅವಳು ಅದನ್ನು ಪಾಲಿಸಿದಳು.

ದೆಹಲಿಯ ತಂಡದಲ್ಲಿ ಅವಳ ಹೆಸರು ಬರಲಿಲ್ಲ. ಕೊನೆಯ ಆಯ್ಕೆಯ ಸುತ್ತಿನಲ್ಲಿ ನಾಲ್ಕು ಗುಂಡುಗಳು ಒಂದು ಬಟ್ಟಲಿನಲ್ಲಿ ಹಿಡಿಯುವಂತೆ ಬಿದ್ದಿದ್ದವು. ಐದನೆಯದು ಮೂರು ಬೆರಳಿನಷ್ಟು ಆಚೆ. ಮನೆಗೆ ಬಂದ ರಾತ್ರಿ ಅವಳು ಅತ್ತಳು. ಅತ್ತು ಮುಗಿದ ಮೇಲೆ ಹೇಳಿದ್ದು ಇಷ್ಟೇ: “ಅಮ್ಮ, ನಾಲ್ಕು ಸರಿಯಾಗಿವೆ ಎಂದು ಗೊತ್ತಾಯಿತು. ಐದನೆಯದನ್ನು ಬೇಗ ಮುಗಿಸಿಬಿಡಬೇಕೆಂದು ಎಳೆದುಬಿಟ್ಟೆ.” ಆಯ್ಕೆದಾರರ ಮೇಲೆ ಆಕ್ಷೇಪವಿಲ್ಲ, ರೈಫಲಿನ ಮೇಲೆ ದೂರಿಲ್ಲ, ಗಾಳಿಯ ಮೇಲೆ ನೆಪವಿಲ್ಲ. ಗುರಿಕಾಗದದಲ್ಲಿ ಬಿದ್ದ ತೂತನ್ನು ಯಾರೂ ಮಾತಿನಿಂದ ಮುಚ್ಚಲಾರರು. ತನ್ನ ಕೆಲಸದ ಲೆಕ್ಕವನ್ನು ತಾನೇ ಹೀಗೆ ನೇರವಾಗಿ ಒಪ್ಪಿಸುವ ಹದಿನಾಲ್ಕರ ಹುಡುಗಿಯನ್ನು ಕಂಡು, ಆ ಎರಡು ತಿಂಗಳ ಕಿರುಪರೀಕ್ಷೆಗಳು ಸೋಸಿಹೋದದ್ದಕ್ಕೆ ನನಗೆ ಎಳ್ಳಷ್ಟೂ ಬೇಸರವಾಗಲಿಲ್ಲ.

ಎರಡು ವರ್ಷ ಮುಗಿದು ‘ಎ’ ಪ್ರಮಾಣಪತ್ರ ಕೈಗೆ ಬಂದ ಮೇಲೆ ನಿಜವಾದ ಕಷ್ಟದ ಪ್ರಶ್ನೆ ಎದುರಾಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್ ಸಮಯ. ಮನು ಭಾಕರ್ ಎರಡು ಕಂಚು ಗೆದ್ದರು. ಅದರಲ್ಲೊಂದು ಸರಬ್‌ಜೋತ್ ಸಿಂಗ್ ಅವರ ಜತೆಯಲ್ಲಿ. ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿ ಎಂಬ ಹಳ್ಳಿಯ, ರೈಲ್ವೆ ನೌಕರ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲಿನಲ್ಲಿ ಮತ್ತೊಂದು ಕಂಚು ತಂದರು. ಹತ್ತನೆಯ ತರಗತಿಯಲ್ಲಿದ್ದ ಮಗಳು ದೂರದರ್ಶನದ ಮುಂದೆ ಕುಳಿತವಳು ಏಳಲಿಲ್ಲ. “10 ಮೀಟರ್ ಏರ್ ರೈಫಲ್ ಕಲಿಯಲೇ?” ಎಂದು ಕೇಳಿದಳು.

ಈ ಆಟದ ಸೂಕ್ಷ್ಮವನ್ನು ತಿಳಿದಾಗ ನಾನು ಬೆರಗಾದೆ. ಗುರಿಯ ನಟ್ಟನಡುವಿನ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರು, ರಾಗಿಕಾಳಿಗಿಂತಲೂ ಚಿಕ್ಕದು. ಹಾರಿಸುವ ಸೀಸದ ಗುಂಡೇ 4.5 ಮಿಲಿಮೀಟರು. ನಿಂತುಕೊಂಡು, ಐದು ಕಿಲೋ ತೂಗುವ ರೈಫಲನ್ನು ಹಿಡಿದು, 75 ನಿಮಿಷದಲ್ಲಿ 60 ಗುಂಡು ಹಾರಿಸಬೇಕು. ಚಿಕ್ಕಬಳ್ಳಾಪುರದಲ್ಲಿ ಜನಿಸಿದ ಸುಮಾ ಶಿರೂರ್ ಅವರು, ಹೆಂಗಸರಿಗೆ 40 ಗುಂಡುಗಳಿದ್ದ ಕಾಲದಲ್ಲಿ, 2004ರ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ ನಲವತ್ತನ್ನೂ ಹತ್ತಕ್ಕೇ ಹೊಡೆದು 400ಕ್ಕೆ 400 ಅಂಕ ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದರು. ಎನ್.ಸಿ.ಸಿ.ಯಿಂದಲೇ ರೈಫಲಿನ ಪರಿಚಯ ಪಡೆದ ಅಂಜಲಿ ಭಾಗವತ್ 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಅಂತಿಮ ಸುತ್ತು ಮುಟ್ಟಿದರು. ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ಅವರು ಗಾಲಿಕುರ್ಚಿಯಲ್ಲಿ ಕುಳಿತೇ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ಸ್ಪರ್ಧಿಸಿದರು. ಕನ್ನಡಕ ಬಂದ ಮಕ್ಕಳಿಗೆ ಇದು ಒಗ್ಗದೆಂಬ ಭಾವನೆಯೂ ಸರಿಯಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಕನ್ನಡಕಧಾರಿ.

ಆದರೆ ಮಕ್ಕಳಿಗೆ ಹೇಳಬೇಕಾದ ಇನ್ನೊಂದು ಕಥೆಯೂ ಇದೆ. ನಮ್ಮ ಬೆಂಗಳೂರಿನ ತಿಲೋತ್ತಮಾ ಸೇನ್ ಹದಿನಾಲ್ಕನೆಯ ವಯಸ್ಸಿಗೆ, 2023ರ ಫೆಬ್ರವರಿಯಲ್ಲಿ, ಕೈರೋ ವಿಶ್ವಕಪ್‌ನಲ್ಲಿ ಕಂಚು ಗೆದ್ದಳು. ಅದೇ ಅಕ್ಟೋಬರಿನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ಪಿನ ಬೆಳ್ಳಿಯೊಡನೆ ಪ್ಯಾರಿಸ್ ಒಲಿಂಪಿಕ್ಸಿಗೆ ಭಾರತಕ್ಕೊಂದು ಸ್ಥಾನವನ್ನೂ ಗಳಿಸಿದಳು. ಆ ಸ್ಥಾನ ದೇಶಕ್ಕೆ ಸೇರಿದ್ದೇ ಹೊರತು ಗಳಿಸಿದವರಿಗಲ್ಲ. 2024ರ ಆಯ್ಕೆ ಸ್ಪರ್ಧೆಗಳ ನಂತರ ಪ್ಯಾರಿಸ್ಸಿಗೆ ಹೋದವರು ಬೇರೆಯವರು. ಇಷ್ಟು ಎತ್ತರಕ್ಕೆ ಏರಿದ ಹುಡುಗಿಗೂ ಕಡೆಯ ಮೆಟ್ಟಿಲು ದಕ್ಕದಿರಬಹುದು ಎಂಬುದನ್ನು ಮೊದಲೇ ತಿಳಿದು ಹೆಜ್ಜೆಯಿಡುವುದು ಒಳ್ಳೆಯದು.

ಹಣದ ವಿಷಯವನ್ನೂ ಮುಚ್ಚಿಡದೆ ಹೇಳುತ್ತೇನೆ. ಎನ್.ಸಿ.ಸಿ.ಯಲ್ಲಿ ಉಚಿತವಾಗಿದ್ದದ್ದು ಇಲ್ಲಿ ದುಬಾರಿ. ಸ್ಪರ್ಧೆಗೆ ತಕ್ಕ ಜರ್ಮನಿಯ ಏರ್ ರೈಫಲಿಗೆ ಎರಡು ಲಕ್ಷ ರೂಪಾಯಿಗೂ ಮಿಕ್ಕಿ ಬೆಲೆ. ಬೆನ್ನು ಮೊಣಕಾಲುಗಳಿಗೆ ಆಸರೆ ಕೊಡುವ ದಪ್ಪ ಬಟ್ಟೆಯ ಅಂಗಿ, ಷರಾಯಿ, ಬೂಟುಗಳಿಗೆ ಹತ್ತಾರು ಸಾವಿರ. ಮೇಲೆ ಗುಂಡು, ತರಬೇತಿಯ ಶುಲ್ಕ. ನಮ್ಮ ಮನೆಯಲ್ಲಿ ಅವಳ ಕಾಲೇಜಿಗೆಂದು ಕೂಡಿಟ್ಟಿದ್ದ ಹಣವಿತ್ತು. ಅದನ್ನು ಒಡೆಯಬೇಕೇ, ಬೇಡವೇ? ಅತ್ತೆಯವರು ತಮ್ಮ ಎರಡೆಳೆ ಸರವನ್ನು ಪೆಟ್ಟಿಗೆಯಿಂದ ತೆಗೆದಿಟ್ಟು, “ಮೊದಲು ಬಂದೂಕು ಬೇಡವೆಂದವಳು ನಾನೇ, ಈಗ ಇದನ್ನು ಮಾರಿ” ಎಂದರು. ಸರವನ್ನು ಮರಳಿ ಅವರ ಕೈಗೇ ಇತ್ತವಳು ಮಗಳು. ಭಾನುವಾರಗಳಲ್ಲಿ ತರಬೇತಿ ಕೇಂದ್ರದ ರೈಫಲನ್ನೇ ಗಂಟೆಯ ಬಾಡಿಗೆಗೆ ಪಡೆದು ಅಭ್ಯಾಸ ಮಾಡುವುದು, ಡಿಸೆಂಬರಿನಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಯವರೆಗೆ ನಿಲ್ಲಿಸುವುದು, ಆಮೇಲೆ ಮತ್ತೆ ನೋಡುವುದು ಎಂದು ಅವಳೇ ತೀರ್ಮಾನಿಸಿದಳು. ಹಾಗೆಯೇ ನಡೆದಿದೆ. ಪರೀಕ್ಷೆಯಲ್ಲಿ ತಕ್ಕ ಅಂಕಗಳು ಬಂದವು. ಪದವಿಪೂರ್ವ ತರಗತಿಗೆ ಸೇರಿದ ಮೇಲೆಯೂ ಭಾನುವಾರದ ಬಾಡಿಗೆ ರೈಫಲು ಮುಂದುವರಿದಿದೆ. ಪದಕವೊಂದೂ ಬಂದಿಲ್ಲ.

ಹೈಸ್ಕೂಲಿನ ಮಕ್ಕಳ ತಂದೆತಾಯಿಗಳಿಗೆ ಕೆಲವು ಮಾತುಗಳು. ಶಾಲೆಗೆ ಸೇರಿಸುವಾಗ ಅಲ್ಲಿ ಎನ್.ಸಿ.ಸಿ. ಇದೆಯೇ ಎಂದು ವಿಚಾರಿಸಿರಿ. ಎಂಟನೆಯ ತರಗತಿಯ ಆರಂಭದಲ್ಲೇ ಹೆಸರು ಕೊಡಿಸಿರಿ. ಕೆಡೆಟ್ ದಳದ ಕರ್ತವ್ಯದಲ್ಲಿರುವಾಗ ಮಗು ಸರಕಾರದ ರೈಫಲನ್ನು ಹಿಡಿಯುವುದಕ್ಕೆ 1959ರ ಆಯುಧ ಶಾಸನವೇ ವಿನಾಯಿತಿ ನೀಡಿದೆ. ಆ ಬಗ್ಗೆ ಅಂಜಿಕೆ ಬೇಡ. 0.177 ಅಂಗುಲದ ಅಳತೆಯ, 20 ಜೂಲ್ ಶಕ್ತಿಯನ್ನು ಮೀರದ ಏರ್ ರೈಫಲಿಗೆ ಪರವಾನಗಿ ಬೇಕಿಲ್ಲವಾದರೂ ಅದು ಆಟಿಗೆಯಲ್ಲ. ಹಿರಿಯರ ಕಣ್ಣಳತೆಯಿಲ್ಲದೆ ಮನೆಯಲ್ಲಿ ಬಿಡಕೂಡದು. ಸೀಸದ ಗುಂಡು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯದೆ ಊಟಕ್ಕೆ ಕೂಡಿಸದಿರಿ. ವೃತ್ತಿಶಿಕ್ಷಣದ ಪ್ರವೇಶದಲ್ಲಿ ಎನ್.ಸಿ.ಸಿ. ಮತ್ತು ಕ್ರೀಡೆಗೆ ವಿಶೇಷ ಪ್ರವರ್ಗಗಳಿರುವುದು ನಿಜ. ಆದರೆ ಸ್ಥಾನಗಳು ಕೆಲವೇ. ಅದೊಂದನ್ನೇ ನಂಬಿ ಮಗುವನ್ನು ದೂಡುವುದು ತರವಲ್ಲ. ದುಬಾರಿ ಉಪಕರಣಕ್ಕೆ ಮೊದಲ ವರ್ಷದಲ್ಲೇ ಸಾಲ ಮಾಡಬೇಡಿರಿ. ಮಗುವಿನ ಗುಂಡುಗಳು ಗುಂಪುಗೂಡುತ್ತಿವೆಯೇ ಎಂಬುದನ್ನು ಒಂದು ವರ್ಷ ನೋಡಿರಿ.

ನಮ್ಮ ಸಮಾಜದಲ್ಲಿ ವಿದ್ಯೆಗೆ ಕೊರತೆಯಿಲ್ಲ, ದಾಸೋಹಕ್ಕೆ ಕೊರತೆಯಿಲ್ಲ. ಹಳ್ಳಿಯಿಂದ ಬಂದ ಮಕ್ಕಳಿಗೆ ಊಟ ವಸತಿ ಕೊಟ್ಟು ಓದಿಸಿದ ವಿದ್ಯಾರ್ಥಿನಿಲಯಗಳು ನಾಡಿನ ತುಂಬ ಇವೆ. ಅಂತಹ ನಾಲ್ಕು ಸಂಸ್ಥೆಗಳು ಕೂಡಿ ಒಂದೊಂದು ಏರ್ ರೈಫಲು ಕೊಂಡು, ಬಲ್ಲ ಶಿಕ್ಷಕರೊಬ್ಬರ ವಶದಲ್ಲಿಟ್ಟರೆ, ಎನ್.ಸಿ.ಸಿ.ಯ ಮೊದಲ ಬಾಗಿಲನ್ನು ದಾಟಿದ ಎಷ್ಟೋ ಮಕ್ಕಳು ಎರಡನೆಯ ಬಾಗಿಲಿನ ಹೊರಗೆ ನಿಲ್ಲಬೇಕಾಗದು. ಎರಡು ಲಕ್ಷ ರೂಪಾಯಿ ಒಂದು ಸಂಸಾರಕ್ಕೆ ಹೊರಲಾರದ ಹೊರೆ. ನೂರು ಮನೆಗಳಿಗೆ ತಲಾ ಎರಡು ಸಾವಿರ. ಈ ಲೆಕ್ಕವನ್ನು ಹಿರಿಯರು ಒಮ್ಮೆ ಮನಸ್ಸಿಗೆ ತಂದುಕೊಳ್ಳಲಿ ಎಂಬುದು ನನ್ನ ಬಿನ್ನಹ.